ಚಪ್ಪರದ ಮೇಲಿಟ್ಟ ಬಾಗಿಲು

ಹೋದ ತಿಂಗಳು ಬಾದಾಮಿಯಲ್ಲಿ ಒಬ್ಬರ ಮನೆಯ ಹಳೆಯ ಬಾಗಿಲಿಗೆ ಹೊಸ ಚಿಲಕ ಕೂಡಿಸುತ್ತಿದ್ದೆ. ಸಾಗುವಾನಿಯ ಹಲಗೆ, ಮೂರು ತಲೆಮಾರು ಕಂಡದ್ದಿರಬೇಕು. ಡ್ರಿಲ್ಲಿನ ಮೊನೆ ಒಳಗಿಳಿದು ಬಿಸಿಯಾಗುತ್ತಲೇ ಒಂದು ವಾಸನೆ ಎದ್ದಿತು. ಹೊಸ ಕಟ್ಟಿಗೆಯಲ್ಲಿ ಅದು ಬರುವುದಿಲ್ಲ. ವರ್ಷವರ್ಷ ಸವರಿದ ಎಣ್ಣೆ, ಒಲೆಯ ಹೊಗೆ, ಹಬ್ಬಕ್ಕೊಮ್ಮೆ ಬಳಿದ ಅರಿಷಿಣ ಎಲ್ಲ ಸೇರಿ ಹುರಿದಂಥ ವಾಸನೆ. ನಾನು ಮಷಿನ್ ನಿಲ್ಲಿಸಿಬಿಟ್ಟೆ.

"ಯಾಕ್ರಿ, ಏನಾತು?" ಅಂದರು ಮನೆಯಾಕೆ.

"ಏನಿಲ್ರಿ, ಕಾದೈತಿ, ಸ್ವಲ್ಪ ಆರಲಿ" ಅಂದೆ.

ಮಷಿನ್ ಕಾದಿರಲಿಲ್ಲ. ಆ ವಾಸನೆ ಬಂದರೆ ನನಗೆ ಒಂದು ಬೇಸಿಗೆ ನೆನಪಾಗುತ್ತದೆ. ಆ ಬೇಸಿಗೆಯಲ್ಲಿ ನಾನು ಎಂಥವನಾಗಿದ್ದೆ ಎಂಬುದೂ ನೆನಪಾಗುತ್ತದೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನನ್ನ ಹೆಂಡತಿ ಶಾರವ್ವನ ತವರೂರು ಹುನಗುಂದ ತಾಲೂಕಿನಲ್ಲಿ ಹೊಳೆಯ ದಂಡೆಗಿತ್ತು. ಆಣೆಕಟ್ಟಿನ ಹಿನ್ನೀರು ಆ ವರ್ಷದ ಮಳೆಗಾಲಕ್ಕೆ ಊರೊಳಗೆ ಬರುವುದು ಖಾತ್ರಿಯಾಗಿ, ಇಳಕಲ್ಲಿನ ದಾರಿಯ ಪಕ್ಕ ಗರಸು ನೆಲದ ದಿಬ್ಬದ ಮೇಲೆ ಹೊಸ ಊರು ಏಳುತ್ತಿತ್ತು. ಗೋಡೆಗಳು ಎದ್ದಿದ್ದವು. ಕರೆಂಟಿನ ಕಂಬಗಳೂ ಸಾಲಾಗಿ ನಿಂತಿದ್ದವು, ಆದರೆ ಅವಕ್ಕೆ ತಂತಿ ಬಂದಿರಲಿಲ್ಲ. ಜನ ಹಳೆಯ ಮನೆಗಳನ್ನು ಬಿಚ್ಚಿ ಬಾಗಿಲು, ಚೌಕಟ್ಟು, ಕಿಟಕಿ, ತೊಲೆಗಳನ್ನು ಟ್ರ್ಯಾಕ್ಟರಿಗೆ ಹೇರಿ ತಂದು ಇಳಿಸುತ್ತಿದ್ದರು. ಮನುಷ್ಯರಿಗಿಂತ ಮೊದಲು ಬಾಗಿಲುಗಳೇ ಬಂದು ಆ ಬಯಲಿನಲ್ಲಿ ಒಂದಕ್ಕೊಂದು ಒರಗಿ ನಿಂತಿದ್ದವು.

ನನ್ನ ಮಾವ ಮೌನಪ್ಪ ಆ ಊರಿನ ಬಡಿಗ. ಆ ಬಾಗಿಲುಗಳಲ್ಲಿ ಅರ್ಧದಷ್ಟು ಅವರೇ ಮಾಡಿದ್ದು, ಉಳಿದದ್ದು ಅವರ ಅಪ್ಪ, ಅಜ್ಜ ಮಾಡಿದ್ದು. ಅವರಿಗೆ ಆಗಲೇ ಎರಡೂ ಕಣ್ಣು ಮಂಜಾಗಿದ್ದವು. ಕೆರೂರಿನಲ್ಲಿದ್ದ ನನಗೆ ಹೇಳಿಕಳಿಸಿದರು: "ಕಾಳಪ್ಪಗ ಬಾ ಅನ್ರಿ. ಊರ ಬಾಗಲಾ ಎಲ್ಲಾ ಕೂಡ್ರಸೂದೈತಿ." ಕೈಲಿದ್ದ ಕೆಲಸ ಬಿಟ್ಟು ಶಾರವ್ವನನ್ನು ಕರೆದುಕೊಂಡು ಹೋದೆ.

ಮದುವೆಯಾಗಿ ಎಂಟು ವರ್ಷ. ಮೊದಲ ಮೂರು ವರ್ಷ ಮಾವನ ಕೈಕೆಳಗೇ ಕೆಲಸ ಕಲಿತಿದ್ದೆ. ಎಂಟು ವರ್ಷದಲ್ಲಿ ಒಂದು ಸಲವೂ ಅವರು ನನಗೆ 'ಚೊಲೋ ಆಗೈತಿ' ಅಂದವರಲ್ಲ. ಮಾಡಿದ್ದನ್ನು ತಂದು ತೋರಿಸಿದರೆ ಬೆಸುಗೆಯ ಮೇಲೆ ಹೆಬ್ಬೆರಳು ಎಳೆದು "ಹೂಂ" ಅನ್ನುವರು, ಅಷ್ಟೆ. ಅವರ ಸ್ವಭಾವವೇ ಹಾಗೆ ಎಂದುಕೊಂಡು ಆ ಹೂಂ ಒಂದರ ಮೇಲೆಯೇ ಬದುಕಿದ್ದೆ. ಬೀರಪ್ಪನ ಗುಡಿಯ ಬಾಗಿಲನ್ನು ಕೂಡಿಸುವವನು ನಾನೇ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಜೋಡು ಕದದ ಬಾಗಿಲು ಅದು, ಕದದ ತುಂಬ ಕುರಿಗಳ ಹಿಂಡು ಕೆತ್ತಿದ್ದು, ಮಾವನ ಅಜ್ಜನ ಕೈಕೆಲಸ. ಹೊಸ ಗುಡಿಗೆ ಅದನ್ನು ಕೂಡಿಸಿದವನೇ ಮುಂದೆ ಆ ಊರಿನ ಬಡಿಗ. ಯಾರೂ ಬಾಯಿಬಿಟ್ಟು ಹೇಳಿರದಿದ್ದರೂ ಎಲ್ಲರೂ ಬಲ್ಲ ಮಾತು.

ನಾನು ಹೋಗಿ ಹದಿನೈದು ದಿನಕ್ಕೆ ಈರಣ್ಣ ಬಂದ. ಶಾರವ್ವನ ತಂಗಿ ಸುವರ್ಣಾಳ ಗಂಡ, ಅಂದರೆ ನನ್ನ ಷಡ್ಡಕ. ನನಗಿಂತ ಆರು ವರ್ಷ ಸಣ್ಣವನು. ಮೂರು ವರ್ಷ ಮಸ್ಕತ್ತಿನಲ್ಲಿ ಬಡಿಗತನ ಮಾಡಿ ರಜೆಗೆ ಬಂದಿದ್ದ. ಟೆಂಪೋದಿಂದ ಮೊದಲು ಒಂದು ಜೀಪಿನ ಬ್ಯಾಟರಿ ಇಳಿಸಿದ. ಆಮೇಲೆ ಗೋಣಿಯಲ್ಲಿ ಸುತ್ತಿದ್ದ, ಕಿಟಕಿಯ ಕದದಷ್ಟು ಅಗಲದ ನೀಲಿ ಗಾಜಿನ ತಗಡು. ಕೊನೆಗೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಪಿಸ್ತೂಲಿನ ಹಾಗಿದ್ದ ಡ್ರಿಲ್ ಮಷಿನ್ನು, ಅದರ ಹಿಡಿಕೆಗೆ ಕೆಳಗಿನಿಂದ ಸಿಕ್ಕಿಸುವ ಎರಡು ಬ್ಯಾಟರಿ. ವಾಯರ್ ಇಲ್ಲ.

"ಕರೆಂಟ್ ಇಲ್ಲಂತ ಸುವರ್ಣಾ ಫೋನಿನ್ಯಾಗ ಹೇಳಿದ್ಲು. ಅದಕ್ಕ ಹುಬ್ಬಳ್ಳ್ಯಾಗ ಸೋಲಾರ್ ತಗೊಂಡ ಬಂದೆ" ಅಂದ. ತಗಡನ್ನು ಬಿಸಿಲಿಗೆ ಹಿಡಿದರೆ ಜೀಪಿನ ಬ್ಯಾಟರಿ ತುಂಬುತ್ತದೆ. ಅದರಿಂದ ಮಷಿನ್ನಿನ ಸಣ್ಣ ಬ್ಯಾಟರಿ ತುಂಬುತ್ತದೆ. ಒಂದು ಕೆಲಸ ಮಾಡುವಾಗ ಇನ್ನೊಂದು ಕುಡಿಯುತ್ತಿರುತ್ತದೆ. ಹೀಗೆ ಅವನು ಬಿಡಿಸಿ ಹೇಳುತ್ತಿದ್ದರೆ ಅರ್ಧ ಊರು ಸುತ್ತ ನಿಂತು ಕೇಳಿತು.

ಮಾವ ಬಯಲಿನ ನಡುವೆ ಒಂದು ಚಪ್ಪರದ ಕೆಳಗೆ ಕೂತಿರುತ್ತಿದ್ದರು. "ಎಲ್ಲಿ, ನನ್ನ ಕೈಯಾಗ ಕೊಡು" ಅಂದರು. ಈರಣ್ಣ ಅವರ ಬೆರಳನ್ನು ಗುಂಡಿಯ ಮೇಲಿಟ್ಟ. ಒಂದು ಹಳೆಯ ಹಲಗೆಗೆ ಮೊನೆ ತಾಗಿಸಿ ಒತ್ತಿದರು. ಗುರ್ ಎಂದು ಸದ್ದಾಗಿ ತೂತು ಆಚೆ ಬಂತು. ಆ ಹಳೆಯ ಸಾಗುವಾನಿಯ ಹುರಿದ ವಾಸನೆ ನನ್ನ ಮೂಗಿಗೆ ಮೊದಲು ಬಡಿದದ್ದು ಆಗಲೇ. ಕೈಯಿಂದ ತಿರುವುವ ಬೈರಿಗೆಯಿಂದ ಕೊರೆದರೆ ಕಟ್ಟಿಗೆ ಅಷ್ಟು ಕಾಯುವುದಿಲ್ಲ. ಮಾವ ಮುಖವೆತ್ತಿ ನಕ್ಕರು. ಅವರು ಹಾಗೆ ನಗುವುದನ್ನು ನಾನು ಕಂಡಿರಲೇ ಇಲ್ಲ.

"ಭಾಳ ಚೊಲೋ ಐತಿ" ಅಂದರು. "ಭಾಳ ಚೊಲೋ ಐತೋ ಈರಣ್ಣ!"

ನನ್ನ ಕೈಲಿ ಬೈರಿಗೆ ಇತ್ತು. ಅದನ್ನು ಯಾರಿಗೂ ಕಾಣದ ಹಾಗೆ ಹಲಗೆಗಳ ಹಿಂದೆ ಇಟ್ಟೆ.

ಅಂದಿನಿಂದ ನನಗೆ ಅನ್ನ ರುಚಿಸಲಿಲ್ಲ. ನಾನು ಒಂದು ಮನೆಯ ಬಾಗಿಲು ಕೂಡಿಸುವಷ್ಟರಲ್ಲಿ ಅವನು ಎರಡು ಮುಗಿಸುತ್ತಿದ್ದ. ಬಿಜಾಗರಿಗಳ ತಿರುಪು ಹಾಕಲು ನಾನು ಉಸಿರು ಬಿಗಿಹಿಡಿದು ಮೊಣಕೈ ಮುರಿಯುವಂತೆ ತಿರುವುತ್ತಿದ್ದರೆ, ಅವನದು ಒಂದು ಗುರ್. ಮನೆಯವರು ಬಂದು "ಕಾಳಪ್ಪ, ನಮ್ಮದು ಈರಣ್ಣ ಮಾಡ್ತಾನಂತ, ನೀ ಆ ಕಡೆ ಮನಿ ನೋಡು" ಅನ್ನತೊಡಗಿದರು. ಹೆಂಗಸರು ಅವನಿಗೆ ಮಜ್ಜಿಗೆ ತಂದು ಕೊಟ್ಟು, ಆ ತಗಡಿಗೂ ಒಂದು ಕೈ ಮುಗಿಯುತ್ತಿದ್ದರು. ನಾನು ಒಂದಿಬ್ಬರ ಹತ್ತಿರ "ಮಷಿನ್ ತೂತ ಸಡಿಲ ಆಗತೈತಿ, ಎರಡ ವರ್ಷಕ್ಕ ತಿರುಪ ಕಿತ್ತ ಬರ್ತಾವ" ಎಂದು ಸುಳ್ಳು ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಇನ್ನೊಂದು ಸಂಗತಿ ಒಳಗೊಳಗೇ ಕುದಿಸುತ್ತಿತ್ತು. ಹಳೆಯ ಬಾಗಿಲುಗಳು ಸೊಟ್ಟಗಾಗಿರುತ್ತವೆ, ಹೊಸ ಗೋಡೆಗೆ ಸುಲಭಕ್ಕೆ ಒಗ್ಗುವುದಿಲ್ಲ. ತೂತು ಹೊಡೆದ ಮೇಲೆ ಕದ ಮುಚ್ಚದಿದ್ದರೆ ಈರಣ್ಣನಿಗೆ ಮುಂದೆ ತಿಳಿಯುತ್ತಿರಲಿಲ್ಲ. "ಅಣ್ಣಾರ, ಇದು ಕೂಡವಲ್ದು, ಸ್ವಲ್ಪ ಬಂದ ನೋಡ್ರಿ" ಎಂದು ನನ್ನನ್ನೇ ಕರೆಯುತ್ತಿದ್ದ. ನಾನು ಹೋಗಿ, ಎಲ್ಲಿ ಎಷ್ಟು ಕೀಸಬೇಕೆಂದು ಕೈಯಿಂದಲೇ ತಿಳಿದು, ಕದ ಒಂದು ಬೆರಳಿಗೆ ಮುಚ್ಚುವಂತೆ ಮಾಡಿ ಬರುತ್ತಿದ್ದೆ. ಮನೆಯವರು ಮುಚ್ಚಿ ತೆರೆದು ನೋಡಿ, "ನೋಡ್ರಿ, ಮಷಿನ್ ಕೆಲಸ ಅಂದ್ರ ಹಿಂಗಿರತೈತಿ" ಅನ್ನುತ್ತಿದ್ದರು. ಈರಣ್ಣ "ಅದು ಅಣ್ಣಾರ ಕೈಗುಣ್ರಿ" ಎಂದು ಹೇಳುತ್ತಿದ್ದನೆಂಬುದೂ ಖರೆ. ಅವನು ಹಾಗೆ ಹೇಳಿದಷ್ಟೂ ನನಗೆ ಉರಿಯುತ್ತಿತ್ತು.

ಒಂದು ದಿನ ಶಾರವ್ವ ರೊಟ್ಟಿ ತಂದವಳು ನಾನು ಕೀಸುಳಿ ತಳ್ಳುವುದನ್ನೇ ನೋಡುತ್ತ ನಿಂತಳು. "ಹಲಗಿ ಕೀಸಾಕತ್ತೀರೋ, ಯಾರ್ನರೆ ಕೀಸಾಕತ್ತೀರೋ?" ಅಂದಳು. ನಾನು ಕೀಸುಳಿಯನ್ನು ಇನ್ನಷ್ಟು ಒತ್ತಿ ತಳ್ಳಿದೆ.

ಆ ತಗಡಿನ ಗುಟ್ಟನ್ನು ನನಗೆ ಹೇಳಿಕೊಟ್ಟವನು ಈರಣ್ಣನೇ. ಬೆವರು ಒರೆಸಿದ ಟಾವೆಲ್ಲನ್ನು ನಾನು ಒಮ್ಮೆ ಅದರ ಮೂಲೆಯ ಮೇಲೆ ಒಣಹಾಕಿದ್ದೆ. ಅವನು ನಗುತ್ತ ತೆಗೆದು, "ಅಣ್ಣಾರ, ಒಂದ ಮೂಲ್ಯಾಗ ನೆರಳ ಬಿದ್ರೂ ಪೂರಾ ತಗಡಿನ ಕರೆಂಟ್ ಬಿದ್ದ ಹೋಗತೈತ್ರಿ" ಎಂದು ತಗಡಿಗೂ ಬ್ಯಾಟರಿಗೂ ನಡುವೆ ಕಟ್ಟಿದ್ದ ಚಾರ್ಜಿನ ಪೆಟ್ಟಿಗೆಯ ಮೇಲಿನ ಸಣ್ಣ ದೀಪ ಆರುವುದನ್ನೂ ಹತ್ತುವುದನ್ನೂ ತೋರಿಸಿದ. ನಾನು "ಹೌದೇನು" ಅಂದೆ. ಆ ಮಾತು ತಲೆಯಲ್ಲಿ ಉಳಿಯಿತು.

ಬ್ಯಾಟರಿಗೆ ನೆರಳಿರಲಿ ಎಂದು ಅವನು ಅದನ್ನು ಮಾವನ ಚಪ್ಪರದ ಕೆಳಗಿಟ್ಟು, ತಗಡನ್ನು ಚಪ್ಪರದ ಮೂಡಲಿಗೆ, ಹೊರಗೆ ಬಿಸಿಲಿನಲ್ಲಿ ನಿಲ್ಲಿಸುತ್ತಿದ್ದ. ಮುಂಜಾನೆ ಒಮ್ಮೆ ನೋಡಿ ಹೋದರೆ ಮತ್ತೆ ಅತ್ತ ಬರುವುದು ಹೊತ್ತಿಳಿದ ಮೇಲೆ. ಕುಡಿದ ಬ್ಯಾಟರಿ ಒಯ್ಯಲು ಸುವರ್ಣಾ ಬಂದು ಹೋಗುತ್ತಿದ್ದಳು. ಮೇ ತಿಂಗಳ ಒಂದು ದಿನ ಬಿಸಿಗಾಳಿ ಬೀಸುತ್ತಿತ್ತು. ನಾನು ಒಂದು ಒಂಟಿ ಕದವನ್ನು ಎತ್ತಿ ಚಪ್ಪರದ ಮೇಲೆ ಮಲಗಿಸಿದೆ, ಮೂಡಲಿಗೆ ಎರಡು ಮೊಳ ಚಾಚುವ ಹಾಗೆ. ಮುಂಜಾನೆ ತಗಡಿಗೆ ಪೂರಾ ಬಿಸಿಲು. ಸೂರ್ಯ ನೆತ್ತಿಗೆ ಬಂದದ್ದೇ ಆ ಕದದ ನೆರಳು ತಗಡಿನ ಮೂಲೆಗೆ ಬಂದು, ಹೊತ್ತು ವಾಲಿದಂತೆ ಅಗಲವಾಗುತ್ತ ಹೋಗುವುದು. ಯಾರಾದರೂ ಕೇಳಿದರೆ ಹೇಳಲು ಮಾತು ಸಿದ್ಧವಿತ್ತು. ಕೇಳಿದವನು ಈರಣ್ಣನೇ.

"ಮಾವಾರಿಗೆ ಬಿಸಲ ಬಡೀತಿತ್ತು" ಅಂದೆ.

"ಚೊಲೋ ಮಾಡಿದ್ರಿ ಅಣ್ಣಾರ, ನನಗ ಹೊಳಿಲೇ ಇಲ್ಲ ನೋಡ್ರಿ" ಅಂದ.

ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಮಷಿನ್ನಿನ ಸದ್ದು ಮಧ್ಯಾಹ್ನಕ್ಕೇ ಕುಗ್ಗಿತು. ನಾಲ್ಕನೆಯ ದಿನ ತಿರುಪು ಅರ್ಧ ಇಳಿದು ನಿಂತಿತು. ಮರುದಿನ ಮುಂಜಾನೆ ಈರಣ್ಣ ವಾಯರುಗಳನ್ನು ಬಿಚ್ಚಿ ಉಜ್ಜಿದ, ಕಟ್ಟಿದ, ಜೀಪಿನ ಬ್ಯಾಟರಿಗೆ ನೀರು ಹಾಕಿದ. ನಾನು ನಾಲ್ಕು ಮನೆ ಆಚೆ ಕೂತು ಬೈರಿಗೆ ತಿರುವುತ್ತ ಅವನ ಮೌನವನ್ನು ಕೇಳುತ್ತಿದ್ದೆ. ಸಂತೋಷ ಎಂದರೆ ಅದೆಂಥ ಸಂತೋಷ! ಅಂದು ಮೂರು ರೊಟ್ಟಿ ತಿಂದೆ.

ಆರನೆಯ ದಿನ ಅವನು ಬ್ಯಾಟರಿ ಹೊತ್ತುಕೊಂಡು ಬಸ್ಸಿನಲ್ಲಿ ಇಳಕಲ್ಲಿಗೆ ಹೋದ. ಅಲ್ಲಿ ನೋಡಿದವರು ಬ್ಯಾಟರಿಯಲ್ಲಿ ದೋಷವಿಲ್ಲ ಅಂದರಂತೆ. ತಗಡೇ ಕೆಟ್ಟಿರಬೇಕೆಂದು ಮರುದಿನ ಅದನ್ನೂ ಗೋಣಿಯಲ್ಲಿ ಸುತ್ತಿಕೊಂಡು ಹುಬ್ಬಳ್ಳಿಯ ಬಸ್ಸು ಹತ್ತಿದ.

ಅವನು ಹೋದ ದಿನವೇ ಸಂಗವ್ವ ನನ್ನ ಹತ್ತಿರ ಬಂದಳು. ಐವತ್ತು ದಾಟಿದ ನೇಕಾರ ಹೆಂಗಸು, ಗಂಡ ಇಲ್ಲ, ಮಗ್ಗವೇ ಅವಳ ಜೀವನ. ಹಳೆಯ ಮನೆಯ ಛತ್ತು ಬಿಚ್ಚಿದ್ದರಿಂದ ಎಲ್ಲರಿಗಿಂತ ಮೊದಲೇ ಹೊಸ ಮನೆಗೆ ಬಂದು, ನೆಲದಲ್ಲಿ ಕುಣಿ ತೋಡಿಸಿ ಮಗ್ಗ ಹೂಡಿದ್ದಳು. ಅವಳ ಬಾಗಿಲು ಆ ದಿನ ಕೂಡಿಸುತ್ತೇನೆಂದು ಈರಣ್ಣ ಮಾತು ಕೊಟ್ಟಿದ್ದ.

"ಕಾಳಪ್ಪ, ನನ್ನ ಬಾಗಲಾ ಇವತ್ತ ಕೂಡ್ರಸೋ ಯಪ್ಪಾ. ಮಗ್ಗಕ್ಕ ನೂಲಿನ ಹಾಸ ಏರಿಸೇನಿ. ಮೋಡ ನೋಡು ಹೆಂಗ ಕಟ್ಯಾವ."

ನನ್ನ ಕೈಯಲ್ಲಿ ಆಗ ಅವಸರದ ಕೆಲಸವೇನೂ ಇರಲಿಲ್ಲ. ಆದರೂ ಅಂದೆ: "ಈರಣ್ಣಗ ಹೇಳೀಯಲ್ಲ, ಅವನ ಬರಲಿ. ಮಷಿನ್ ಕೆಲಸ ಆಗತೈತಿ."

ಅವಳು ನನ್ನ ಮುಖವನ್ನೊಮ್ಮೆ ನೋಡಿದಳು. ಮತ್ತೆ ಕೇಳಲಿಲ್ಲ, ಹೋದಳು.

ಸಂಜೆ ಐದಕ್ಕೆ ಬಡಗಣ ದಿಕ್ಕು ಕೆಂಪಾಗಿ ಎದ್ದಿತು. ಮೊದಲು ಗರಸಿನ ಧೂಳು, ಅದರ ಹಿಂದೆ ಗಾಳಿ, ಗಾಳಿಯ ಹಿಂದೆ ಮುಷ್ಟಿಯಲ್ಲಿ ಎಸೆದಂಥ ಹನಿ. ಛತ್ತಿನ ತಗಡುಗಳು ಹಾರಿದವು, ಒರಗಿಸಿದ ಬಾಗಿಲುಗಳು ಒಂದರ ಮೇಲೊಂದು ಮಗುಚಿದವು. ಮಾವನನ್ನು ಚಪ್ಪರದಿಂದ ಎಬ್ಬಿಸಿ ಗೋಡೆಯೊಳಗೆ ತಂದು ಕೂಡಿಸಿದೆ. ಆಗ ಸಂಗವ್ವನ ಮನೆಯ ಕಡೆಯಿಂದ ಕೂಗು ಕೇಳಿತು.

ಓಡಿಹೋದೆ. ಬಾಗಿಲಿಲ್ಲದ ಆ ಜಾಗದಿಂದ ಮಳೆ ನೇರ ಮಗ್ಗದ ಮೇಲೆಯೇ ಬಡಿಯುತ್ತಿತ್ತು. ಬಿಗಿದು ಕಟ್ಟಿದ್ದ ಕೆಂಪು ನೂಲಿನ ಹಾಸಿನ ಮೇಲೆ ಸಂಗವ್ವ ಕೌದಿ ಹೊದಿಸಿ, ಅದು ಹಾರದಂತೆ ತಾನೇ ಅದರ ಮೇಲೆ ಅಡ್ಡ ಬಿದ್ದಿದ್ದಳು. ಕುಣಿಯಲ್ಲಿ ಕೆಸರು ನೀರು ತುಂಬಿತ್ತು. ನಾನು ಹೊರಗೆ ಬಿದ್ದಿದ್ದ ಅವಳ ಬಾಗಿಲನ್ನೇ ಎತ್ತಿ ತಂದು ಅಡ್ಡ ಹಿಡಿದು ನಿಂತೆ. ಮಳೆ ನಿಲ್ಲುವವರೆಗೂ ಹಾಗೆಯೇ ನಿಂತಿದ್ದೆ. ಆದರೆ ಆಗುವುದೆಲ್ಲ ಆಗಿಹೋಗಿತ್ತು. ಗಂಜಿ ತೊಳೆದು ಎಳೆಗಳು ಒಂದಕ್ಕೊಂದು ಅಂಟಿದ್ದವು, ನೂರಾರು ಹರಿದಿದ್ದವು, ಬಣ್ಣ ಇಳಿದು ಕೌದಿಯೆಲ್ಲ ಕೆಂಪಾಗಿತ್ತು.

ಮರುದಿನ ಬೆಳಿಗ್ಗೆ ಮಾವ ನನ್ನನ್ನು ಕರೆದರು. ಚಪ್ಪರ ಬಿದ್ದಿತ್ತು, ಅದರ ಪಕ್ಕ ಕಲ್ಲಿನ ಮೇಲೆ ಕೂತಿದ್ದರು.

"ಆ ಕದಾ ಚಪ್ಪರದ ಮ್ಯಾಲ ಯಾಕ ಹಾಕಿದ್ದಿ?"

"ನಿಮಗ ಬಿಸಲ ಬಡೀತಿತ್ತು ಮಾವಾರ."

"ನನಗ ನೆರಳ ಸಾಕಾಗಿತ್ತು. ನನ್ನ ಕಣ್ಣ ಮಂಜ ಆಗ್ಯಾವ, ಬಿಸಲ ಯಾವುದು ನೆರಳ ಯಾವುದು ಅನ್ನೂದು ಮೈಗೆ ತಿಳೀತೈತಿ. ಮಧ್ಯಾಹ್ನ ಎದ್ದ ಹೋಗಿ ಆ ತಗಡ ಮುಟ್ಟಿ ನೋಡ್ತಿದ್ದೆ. ಕಾದ ಹೆಂಚಿನಂಗ ಇರೂದು, ಒಂದ ಬಾಜೂ ತಣ್ಣಗ ಇರ್ತಿತ್ತು."

"ಹಂಗಿದ್ರ ಯಾಕ ಹೇಳಲಿಲ್ರಿ?"

"ನೀನ ತಗೀತಿ ಅಂದ್ಕೊಂಡೆ. ಇವತ್ತ ತಗದಾನು, ನಾಳಿ ತಗದಾನು. ನಂದೂ ತಪ್ಪೈತಿ."

ಆಗ ನನ್ನೊಳಗಿದ್ದದ್ದು ಹೊರಗೆ ಬಂದೇ ಬಿಟ್ಟಿತು. "ಎಂಟ ವರ್ಷ ಆತ್ರಿ ಮಾವಾರ. ಒಮ್ಮೆರೆ ನನಗ ಚೊಲೋ ಅಂದೀರೇನು? ಅವ ಬಂದ ದಿವಸನ ಅಂದ್ರಿ."

"ಹೊಸಾದು ಕಂಡೆ, ಚೊಲೋ ಅಂದೆ. ಅದು ಅವನ ಮಷಿನ್ನಿಗೆ ಅಂದದ್ದು. ನಿನ್ನ ಕೈ ನನ್ನ ಕೈ ಅಂತ ತಿಳಕೊಂಡಿದ್ದೆ. ತನ್ನ ಕೈಗೆ ತಾನ ಯಾರ ಚೊಲೋ ಅಂತಾರ, ಕಾಳಪ್ಪ?" ಅಂದರು. ಆಮೇಲೆ ಮೆಲ್ಲಗೆ, "ಈಗ ಅದು ನನ್ನ ಕೈ ಅಂತ ಹೆಂಗ ಅನ್ಲಿ?" ಅಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಎದ್ದು ಬೈರಿಗೆ, ಉಳಿ, ಕೀಸುಳಿ ತೆಗೆದುಕೊಂಡು ಸಂಗವ್ವನ ಮನೆಗೆ ಹೋದೆ. ಮಧ್ಯಾಹ್ನದೊಳಗೆ ಅವಳ ಬಾಗಿಲು ಕೂಡಿಸಿದೆ. ಅವಳು ಒಳಗೆ ಕೂತು ಅಂಟಿದ ಎಳೆಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ, ನೆರಳಿನ ಸಂಗತಿ, ಕೈಯಲ್ಲಿ ಕೆಲಸವಿಲ್ಲದಿದ್ದರೂ ಅವಳ ಬಾಗಿಲು ಕೂಡಿಸಲು ಒಲ್ಲೆನೆಂದದ್ದು, ಎರಡನ್ನೂ.

ಅವಳು ಕೈ ನಿಲ್ಲಿಸಲಿಲ್ಲ. "ಮಳಿ ನೀ ತಂದಿಲ್ಲ, ಅದು ಖರೆ" ಅಂದಳು. "ಬಾಗಲಾ ಇಲ್ಲದ್ದು ಮಾತ್ರ ನಿನ್ನಿಂದ." ಇನ್ನೂ ಒಂದೆಳೆ ಬಿಡಿಸಿ, "ಕೈ ತೊಳಕೊಂಡ ಬಾ. ಆ ಕಡೆ ಕೂತ ಎಳಿ ಹಿಡಿ" ಅಂದಳು.

ಎಂಟು ದಿನ ಅವಳೆದುರು ಕೂತು ಎಳೆ ಬಿಡಿಸಿದೆ. ಹರಿದ ತುದಿಗಳನ್ನು ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆದು ಕೂಡಿಸುವುದನ್ನು ಕಲಿಸಿದಳು. ನನ್ನ ಬೆರಳು ದಪ್ಪ, ಹತ್ತರಲ್ಲಿ ಆರು ಮತ್ತೆ ಹರಿಯುತ್ತಿದ್ದವು. ಮಧ್ಯಾಹ್ನ ಶಾರವ್ವನೂ ಬಂದು ಕೂಡುತ್ತಿದ್ದಳು. ಅವಳಿಗೂ ಹೇಳಿದ್ದೆ. ಎರಡು ದಿನ ನನ್ನೊಂದಿಗೆ ಮಾತಾಡಿರಲಿಲ್ಲ. ಹಾಸಿನಲ್ಲಿ ಅರ್ಧ ಉಳಿಯಿತು, ಅರ್ಧ ಕತ್ತರಿಸಿ ಹಾಕಬೇಕಾಯಿತು. ಆ ಸಲ ಸಂಗವ್ವನ ಮಗ್ಗದಿಂದ ಇಳಿದ ಸೀರೆಯಲ್ಲಿ ಕೆಂಪು ಒಂದು ಕಡೆ ದಟ್ಟ, ಇನ್ನೊಂದು ಕಡೆ ತಿಳಿ.

ಹುಬ್ಬಳ್ಳಿಯಿಂದ ಬಂದ ದಿನವೇ ಈರಣ್ಣನಿಗೂ ಹೇಳಿದೆ. ಗೋಣಿಯಲ್ಲಿ ಸುತ್ತಿದ ತಗಡು ಇನ್ನೂ ಅವನ ಕಂಕುಳಲ್ಲಿತ್ತು. "ತಗಡ ಚೊಲೋ ಐತಂತ, ಬ್ಯಾಟರಿನೂ ಚೊಲೋ ಐತಂತ, ಏನಾಗೈತೋ ತಿಳೀವಲ್ದು" ಅನ್ನುತ್ತಿದ್ದವನು ನನ್ನ ಮಾತು ಕೇಳಿ ತಗಡನ್ನು ಮೆಲ್ಲಗೆ ನೆಲಕ್ಕಿಟ್ಟ. ನನ್ನ ಅಂಗಿಯ ಎದೆ ಹಿಡಿದ. ಹೊಡೆಯುತ್ತಾನೆ ಅಂದುಕೊಂಡೆ.

"ನಿನಗ ಅಣ್ಣಾರ ಅಂತಿದ್ದೆ ನಾ" ಅಂದ. ಅವನು ನನ್ನನ್ನು 'ನೀ' ಅಂದದ್ದು ಅದೇ ಮೊದಲು. "ಮಷಿನ್ ಬೇಕಾಗಿತ್ತಂದ್ರ ಕೇಳಬೇಕಿಲ್ಲೇನು? ಕೈಯಾಗ ಇಡ್ತಿದ್ದೆ. ಮೂರ ವರ್ಷ ಅಲ್ಲಿ ಬರೇ ತೂತ ಹೊಡದೇನಿ. ಬಾಗಲಾ ಮಾಡೂದು ನಿನ್ನ ಕಡೆ ಕಲೀಬೇಕಂತ ಬಂದಿದ್ದೆ ನಾ." ಅಂಗಿ ಬಿಟ್ಟು ಹೋದ. ಊರು ಬಿಟ್ಟು ಹೊರಡುವ ದಿನದವರೆಗೂ ಅವನು ನನ್ನೊಂದಿಗೆ ಒಂದು ಮಾತೂ ಆಡಲಿಲ್ಲ. ಕದ ಮುಚ್ಚದಿದ್ದರೆ ತಾನೇ ಗಂಟೆಗಟ್ಟಲೆ ಒದ್ದಾಡಿ ಕೂಡಿಸುತ್ತಿದ್ದ, ನನ್ನನ್ನು ಕರೆಯುತ್ತಿರಲಿಲ್ಲ. ದಿನದಿನಕ್ಕೆ ಅವನ ಕೈ ತಿದ್ದಿಕೊಳ್ಳುತ್ತ ಹೋದುದನ್ನು ನಾನು ದೂರದಿಂದ ನೋಡಿದೆ. ಅದಕ್ಕೂ ನನಗೆ ಉರಿಯಿತು.

ಬೀರಪ್ಪನ ಗುಡಿಯ ಬಾಗಿಲನ್ನು ಮಾವ ಅವನಿಗೇ ಕೊಟ್ಟರು. ನಾನು ಕೆಳಗಿನಿಂದ ಹೆಗಲು ಕೊಟ್ಟು ಕದದ ಭಾರ ಹೊತ್ತು ನಿಂತೆ. ನನ್ನ ಕಿವಿಯ ಪಕ್ಕದಲ್ಲೇ ಮಷಿನ್ನು ಗುರ್ ಎಂದಿತು. ಕೂಡಿಸಿ ಮುಗಿದ ಮೇಲೆ ಮಾವ ಬೆಸುಗೆಯ ಮೇಲೆ ಹೆಬ್ಬೆರಳು ಎಳೆದು, ಈರಣ್ಣನ ಕಡೆ ತಿರುಗಿ "ಹೂಂ" ಅಂದರು. ಆ ಹೂಂ ಇಷ್ಟು ವರ್ಷ ನನ್ನದೊಬ್ಬನದಾಗಿತ್ತು. ಸತ್ಯ ಹೇಳುತ್ತೇನೆ, ಮಾಡಿದ್ದೆಲ್ಲ ಮಾಡಿ, ತಪ್ಪು ಒಪ್ಪಿಕೊಂಡು, ಎಂಟು ದಿನ ನೂಲು ಬಿಡಿಸಿ ಬಂದವನಿಗೂ ಆ ಗಳಿಗೆಯಲ್ಲಿ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಯಿತು. ಪಶ್ಚಾತ್ತಾಪದಿಂದ ಹೊಟ್ಟೆಕಿಚ್ಚು ಹೋಗುತ್ತದೆ ಎಂದು ಹೇಳುವವರಿದ್ದಾರೆ. ನನಗೆ ಹೋಗಲಿಲ್ಲ.

ಜೂನ್ ಕೊನೆಗೆ ಹೊಳೆ ಏರಿತು. ಹಳೆಯ ಊರಿನ ಮೊಂಡು ಗೋಡೆಗಳ ನಡುವೆ ನೀರು ಬಂದು ನಿಂತಿತು. ಹೊಸ ಊರಿಗೆ ಇನ್ನೂ ಕರೆಂಟ್ ಬಂದಿರಲಿಲ್ಲ. ಈರಣ್ಣನ ರಜೆ ಮುಗಿದಿತ್ತು. ಹೊರಡುವ ದಿನ ಮಷಿನ್ನನ್ನು ಪೆಟ್ಟಿಗೆಯಲ್ಲಿಟ್ಟುಕೊಂಡ. ತಗಡು, ಜೀಪಿನ ಬ್ಯಾಟರಿಗಳನ್ನು ಮಾತ್ರ ಹೊತ್ತುಕೊಂಡು ಹೋಗಿ ಸಂಗವ್ವನ ಅಂಗಳದಲ್ಲಿಟ್ಟ. ಮೋಡ ಕವಿದ ದಿನಗಳಲ್ಲಿ ಆ ಮನೆಯೊಳಗೆ ಎಳೆ ಕಾಣುವುದಿಲ್ಲ, ಮಗ್ಗದ ಮೇಲೊಂದು ದೀಪ ಉರಿಯಲಿ ಎಂದು. ಒಂದು ತಿಂಗಳಿಂದ ದಿನಾ ಆ ಮಗ್ಗದೆದುರು ಹಾದುಹೋಗುತ್ತಿದ್ದವನು ನಾನು, ಅವಳು ಕಣ್ಣು ಕಿರಿದು ಮಾಡಿ ಬಾಗಿ ನೇಯುವುದನ್ನು ನೋಡಿದವನೂ ನಾನು. ಹೊಳೆದದ್ದು ಅವನಿಗೆ. ಅವನ ಮಷಿನ್ನಿಗಿಂತ, ಮಾವನ ಹೂಂಗಿಂತ ಹೆಚ್ಚು, ಅದೊಂದು ಹೊಳೆದದ್ದಕ್ಕೆ ಅವನ ಮೇಲೆ ಹೊಟ್ಟೆಕಿಚ್ಚುಪಟ್ಟೆ.

ಸಂಗವ್ವನ ಮನೆಯ ಪಕ್ಕ ಒಂದು ಬೇವಿನ ಮರವಿತ್ತು. ತಗಡನ್ನು ಛತ್ತಿನ ಮೇಲೆ ಎಲ್ಲಿ ಕೂಡಿಸಬೇಕೆಂದು ಈರಣ್ಣ ಮರವನ್ನೂ ಆಕಾಶವನ್ನೂ ನೋಡುತ್ತ ನಿಂತಿದ್ದ. ಬಸ್ಸಿಗೆ ಹೊತ್ತಾಗುತ್ತಿತ್ತು. ನಾನು ಓಣಿಯ ಆಚೆ ನಿಂತಿದ್ದೆ. ಒಂದೂವರೆ ತಿಂಗಳಲ್ಲಿ ಮೊದಲ ಸಲ ನನ್ನ ಕಡೆ ತಿರುಗಿದ. ಮುಖದಲ್ಲಿ ನಗುವಿತ್ತೋ ಇಲ್ಲವೋ, ಇಂದಿಗೂ ಹೇಳಲಾರೆ.

"ಅಣ್ಣಾರ, ಇದನ್ನ ನೀವ ಕೂಡ್ರಸ್ರಿ" ಅಂದ. "ನೆರಳ ಯಾವಾಗ ಎಲ್ಲಿ ಬೀಳತೈತಿ ಅನ್ನೂದು ನನಕಿಂತ ನಿಮಗ ಚೊಲೋ ಗೊತ್ತೈತಿ."

ತಗಡನ್ನು ನನ್ನ ಕೈಗೆ ಕೊಟ್ಟ. ನಾನು ಏಣಿ ಹತ್ತಿದೆ.